ಕಡಲಿನ ನಂಟು ಬಿಡದ ನಟ

ಹಾಲಿವುಡ್ ನಟ ಸ್ಟರ್ಲಿಂಗ್ ಹೇಡನ್ (1916–1986) ಅವರಿಗೆ ಸಿನಿಮಾ ಹೊಟ್ಟೆಪಾಡು, ಕಡಲೇ ಬದುಕು. ಹದಿಹರೆಯದಲ್ಲೇ ಶಾಲೆ ಬಿಟ್ಟು ಹಡಗು ಹತ್ತಿದ ಅವರು 22ನೇ ವಯಸ್ಸಿಗೆ ಹಾಯಿಹಡಗಿನ ಕಪ್ತಾನರಾಗಿ ತಾಹಿತಿ ದ್ವೀಪ ತಲುಪಿದ್ದರು.

ಎರಡನೇ ಮಹಾಯುದ್ಧದಲ್ಲಿ ಏಡ್ರಿಯಾಟಿಕ್ ಸಮುದ್ರ ದಾಟಿ ಯುಗೊಸ್ಲಾವಿಯಾದ ಗೆರಿಲ್ಲಾಗಳಿಗೆ ಸಾಮಗ್ರಿ ಸಾಗಿಸಿದರು. ಅವರ ಹೋರಾಟಕ್ಕೆ ಮನಸೋತು 1946ರಲ್ಲಿ ಕೆಲಕಾಲ ಕಮ್ಯುನಿಸ್ಟ್ ಪಕ್ಷದಲ್ಲಿದ್ದದ್ದೇ ಮುಳುವಾಯಿತು. 1951ರಲ್ಲಿ ಅಮೆರಿಕ ಸಂಸತ್ತಿನ ತನಿಖಾ ಸಮಿತಿಯ ಮುಂದೆ ಸಂಗಾತಿಗಳ ಹೆಸರು ಹೇಳಿದರು. ಅವಕಾಶಗಳು ಉಳಿದವು, ನೆಮ್ಮದಿ ಉಳಿಯಲಿಲ್ಲ.

1959ರಲ್ಲಿ ನ್ಯಾಯಾಲಯದ ಆದೇಶ ಮೀರಿ, ನಾಲ್ವರು ಮಕ್ಕಳೊಂದಿಗೆ ‘ವಾಂಡರರ್’ ಹಡಗಿನಲ್ಲಿ ಮತ್ತೆ ತಾಹಿತಿಗೆ ಹೊರಟರು. ‘ಡಾ. ಸ್ಟ್ರೇಂಜ್‌ಲವ್’ (1964), ‘ಗಾಡ್‌ಫಾದರ್’ (1972) ಚಿತ್ರಗಳಲ್ಲಿ ನಟಿಸಿದ್ದು ಆಮೇಲೆ. 1963ರ ಆತ್ಮಕಥೆಗೂ ಹಡಗಿನದೇ ಹೆಸರು. ಕಡಲಿಗೆ ಅಂಜದ ತಾವು ಸಮಿತಿಗೆ ಮಣಿದದ್ದನ್ನು ಅದರಲ್ಲಿ ಮುಚ್ಚಿಡದೆ ಬರೆದರು.