ಡಂಗುರದಿಂದ ವಾಟ್ಸಾಪಿನವರೆಗೆ: ಗಡಿಯೂರಿನ ವ್ಯಾಪಾರ, ನೌಕರಿ ಮತ್ತು ಸಾಮಾಜಿಕ ಜಾಲತಾಣ

ಊರಿಗೆಲ್ಲ ಏನಾದರೂ ತಿಳಿಸಬೇಕಾದರೆ ಹಿಂದೆ ಡಂಗುರ ಸಾರಿಸುತ್ತಿದ್ದರು. ಮರಾಠಿಯಲ್ಲಿ ಅದಕ್ಕೆ ದವಂಡಿ ಎನ್ನುತ್ತಾರೆ. ಹಲಗೆ ಬಾರಿಸುವವನ ಮುಖ ಎಲ್ಲರಿಗೂ ಪರಿಚಿತ. ಅವನನ್ನು ಕಳಿಸಿದವರು ಯಾರೆಂಬುದೂ ಗೊತ್ತಿರುತ್ತಿತ್ತು. ಇಂದು ಉಮರ್ಗಾ, ನಿಲಂಗಾ, ಉದಗೀರ ಭಾಗದ ಹಳ್ಳಿಗಳಲ್ಲಿ ಆ ಕೆಲಸವನ್ನು ಮೊಬೈಲು ಮಾಡುತ್ತಿದೆ. ಮೊಂಢಾದ ಸೋಯಾಬೀನ್ ಭಾವ, ಬಟ್ಟೆ ಅಂಗಡಿಯ ದೀಪಾವಳಿ ರಿಯಾಯಿತಿ, ಪೊಲೀಸ್ ಭರತಿಯ ಸುದ್ದಿ ಎಲ್ಲವೂ ಅದರಲ್ಲೇ ಬರುತ್ತವೆ. ಆದರೆ ಸಾರಿದವರು ಯಾರು ಎಂಬುದು ಬಹಳ ಸಲ ತಿಳಿಯುವುದಿಲ್ಲ. ಜಾಲತಾಣದ ಲಾಭ, ಹಾನಿ ಎರಡೂ ಬಹುಮಟ್ಟಿಗೆ ಈ ಪ್ರಶ್ನೆಯ ಮೇಲೆ ನಿಂತಿವೆ.

ನಮ್ಮಲ್ಲಿಗೆ ಹೇಗೆ ಬಂತು?

ಆರ್ಕುಟ್ ಮತ್ತು ಫೇಸ್‌ಬುಕ್ ಹುಟ್ಟಿದ್ದು 2004ರಲ್ಲಿ, ವಾಟ್ಸಾಪ್ 2009ರಲ್ಲಿ. ಹಳ್ಳಿಯ ಮನೆಮನೆಗೆ ಇವು ತಲುಪಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್ನೆಟ್ ಅಗ್ಗವಾದ ಮೇಲೆ. ಅದೇ ವರ್ಷ ಯುಪಿಐ ಮೂಲಕ ಹಣ ಕಳಿಸುವುದೂ ಶುರುವಾಯಿತು. 2018ರ ಜನವರಿಯಲ್ಲಿ ಸಣ್ಣ ವ್ಯಾಪಾರಿಗಳಿಗಾಗಿಯೇ ವಾಟ್ಸಾಪ್ ಬಿಸಿನೆಸ್ ಬಂತು.

ಗಡಿಭಾಗದಲ್ಲಿ ಇದು ಬೇಗ ಹರಡಲು ಇನ್ನೊಂದು ಕಾರಣವಿದೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು. ರಾಜ್ಯ ಬೇರೆಯಾದರೂ ಬೀಗತನ, ಸಂತೆ, ಜಾತ್ರೆ ಬೇರೆಯಾಗಲಿಲ್ಲ. ಬಸವಕಲ್ಯಾಣದ ಮಾವ, ಉಮರ್ಗಾದ ಅಳಿಯ ಒಂದೇ ಗ್ರೂಪಿನಲ್ಲಿದ್ದಾರೆ.

ವ್ಯಾಪಾರಕ್ಕೆ ಏನು ಉಪಯೋಗ?

ಖರ್ಚಿಲ್ಲದ ಜಾಹೀರಾತು ಎಂಬುದೇ ಮೊದಲ ಉಪಯೋಗ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಅಂಗಡಿಯ ವಿಳಾಸ, ತೆರೆಯುವ ಸಮಯ, ಸಾಮಾನಿನ ಫೋಟೋ ಮತ್ತು ಬೆಲೆ ಹಾಕಿಡಬಹುದು. ಬ್ರಾಡ್‌ಕಾಸ್ಟ್ ಪಟ್ಟಿಯೊಂದರಲ್ಲಿ 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಅಂದರೆ ಪರಿಚಯ ಮೊದಲು, ಪ್ರಚಾರ ಆಮೇಲೆ.

ದೇವಣಿ ತಳಿಯ ದನಗಳ ಮಾರಾಟವನ್ನೇ ನೋಡಿ. ಬಾಳಂಕ್ಯಾ, ವಾನೇರಾ, ಶೇವೇರಾ ಎಂದು ಬಣ್ಣದ ಮೇಲೆ ಗುರುತಿಸುವ ಈ ತಳಿ ಲಾತೂರ ಜಿಲ್ಲೆಯ ಹೆಮ್ಮೆ. ಬರೀ ಮುಖದ ಫೋಟೋ ಹಾಕಿ “ಭಾರೀ ಹೋರಿ” ಎಂದು ಬರೆದರೆ ಗಿರಾಕಿ ಬರುವುದಿಲ್ಲ. ಪಕ್ಕದಿಂದ ತೆಗೆದ ಚಿತ್ರ, ನಡೆಯುವ ವಿಡಿಯೋ, ಎಷ್ಟು ಹಲ್ಲು, ಊರು ಯಾವುದು, ಬೆಲೆ ಎಷ್ಟು ಎಂಬುದನ್ನು ಕನ್ನಡ, ಮರಾಠಿ ಎರಡರಲ್ಲೂ ಬರೆದರೆ ಎರಡೂ ಕಡೆಯ ರೈತರು ವಿಚಾರಿಸುತ್ತಾರೆ. ಖರೀದಿ ಮಾತ್ರ ಕಣ್ಣಾರೆ ನೋಡಿಯೇ ಆಗಬೇಕು.

ಹೆಸರಿನ ಬೆಲೆಯೂ ಇಲ್ಲಿ ಮುಖ್ಯ. ನಿಲಂಗಾ ತಾಲೂಕಿನ ಬೋರಸುರಿ ತೊಗರಿಬೇಳೆಗೂ ಪಾನಚಿಂಚೋಳಿಯ ಹುಣಸೆಗೂ 2024ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಗಡಿಯಾಚೆ ಕಲಬುರಗಿ ತೊಗರಿಬೇಳೆಗೆ 2019ರಲ್ಲೇ ಸಿಕ್ಕಿತ್ತು. ಯಾವುದೋ ಬೇಳೆಯ ಫೋಟೋ ಹಾಕಿ ಬೋರಸುರಿ ಎಂದು ಮಾರುವುದು ಸುಲಭ. ಆದರೆ ಅದು ಕಾನೂನಿಗೆ ವಿರುದ್ಧ, ಆ ಊರಿನ ರೈತನಿಗೂ ಮೋಸ. ಒಂದು ಸಲ ಮೋಸ ಹೋದ ಗಿರಾಕಿ ನಿಜವಾದ ಮಾಲನ್ನೂ ನಂಬುವುದಿಲ್ಲ.

ಇನ್ನೊಂದು ಎಚ್ಚರ. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಟಿಕ್‌ಟಾಕ್ ಅನ್ನು ಸರಕಾರ 2020ರ ಜೂನ್ 29ರಂದು ನಿಷೇಧಿಸಿತು. ಅದರಲ್ಲಿ ಸಾವಿರಾರು ಹಿಂಬಾಲಕರನ್ನು ಗಳಿಸಿದ್ದವರು ಒಂದೇ ರಾತ್ರಿಯಲ್ಲಿ ಬರಿಗೈಯಾದರು. ಆದ್ದರಿಂದ ಗಿರಾಕಿಗಳ ಹೆಸರು, ನಂಬರುಗಳನ್ನು ನಿಮ್ಮ ವಹಿಯಲ್ಲಿ ಬರೆದಿಟ್ಟುಕೊಳ್ಳಿ.

ಮುರ್ಕಿಯ ಪಾಠ

ಫಾರ್ವರ್ಡ್ ಮಾಡುವ ಅಭ್ಯಾಸ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುದ್ದಿ ನಂಬಿದ ಜನ, ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರನ್ನು ಹೊಡೆದು ಕೊಂದರು. ಅವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ಬಂಧಿತರಲ್ಲಿ ಗ್ರೂಪ್ ಅಡ್ಮಿನ್ ಕೂಡ ಇದ್ದರು. ಆ ತಿಂಗಳಲ್ಲೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಹೇರಿತು. ಜಾಹೀರಾತು ಬರುವ ದಾರಿಯಲ್ಲೇ ಗಾಳಿಸುದ್ದಿಯೂ ಬರುತ್ತದೆ.

ನೌಕರಿ ಹುಡುಕುವವರಿಗೆ

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಭರತಿಯ ಜಾಹೀರಾತೊಂದು ಬಂದಾಗ ಒಳ್ಳೆಯದಾಗಲೆಂದು ಓಣಿಯ ಗ್ರೂಪಿಗೆ ಕಳಿಸಿದೆ. ಮರುದಿನ ಒಬ್ಬ ಹುಡುಗ ಸರ್ಟಿಫಿಕೇಟುಗಳ ಕಟ್ಟು ಹಿಡಿದು ಮನೆಗೇ ಬಂದ. ನೋಡಿದರೆ ಅದು ಹಿಂದಿನ ವರ್ಷದ್ದು. ತಾರೀಖು ಓದದೆ ಕಳಿಸಿದ್ದೆ. ಅವನ ಮುಖ ನೋಡಲಾಗಲಿಲ್ಲ.

ಗಡಿಯವರಿಗೆ ತಾರೀಖಿನ ಜೊತೆಗೆ ರಾಜ್ಯವನ್ನೂ ನೋಡುವ ಕೆಲಸವಿದೆ. ಬೀದರ, ಕಲಬುರಗಿ ಕಡೆಯ ಅನೇಕ ಹುದ್ದೆಗಳು 371(ಜೆ) ವಿಧಿಯ ಅಡಿಯಲ್ಲಿ ಸ್ಥಳೀಯರಿಗೆ ಮೀಸಲು. 2012ರ 98ನೇ ಸಂವಿಧಾನ ತಿದ್ದುಪಡಿಯಿಂದ ಬಂದ ಈ ಸೌಲಭ್ಯ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸೇರಿದ್ದು. ಮನೆಮಾತು ಕನ್ನಡ ಎಂಬ ಮಾತ್ರಕ್ಕೆ ಉಮರ್ಗಾದವರಿಗೆ ದೊರೆಯುವುದಿಲ್ಲ. ಮಹಾರಾಷ್ಟ್ರದಲ್ಲಿ ಅಧಿವಾಸ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 15 ವರ್ಷದ ವಾಸದ ದಾಖಲೆ ಬೇಕು. ಫಾರ್ವರ್ಡ್ ಆದ ಚಿತ್ರದಲ್ಲಿ ಇಂಥ ಷರತ್ತುಗಳು ಇರುವುದಿಲ್ಲ. ಮೂಲ ಅಧಿಸೂಚನೆಯಲ್ಲಿ ಇರುತ್ತವೆ. ಕೇಂದ್ರ ಸರಕಾರದ ನ್ಯಾಷನಲ್ ಕರಿಯರ್ ಸರ್ವಿಸ್, ಮಹಾರಾಷ್ಟ್ರದ ಮಹಾಸ್ವಯಂ ತಾಣಗಳಲ್ಲಿ ಉಚಿತವಾಗಿ ಹೆಸರು ನೋಂದಾಯಿಸಬಹುದು.

ಎರಡು ಭಾಷೆ ಬರುವುದು ನಿಮ್ಮ ಬಂಡವಾಳ. ಗ್ರಾಮೀಣ ಬ್ಯಾಂಕ್ ಭರತಿಯಲ್ಲಿ ಆಯಾ ರಾಜ್ಯದ ಭಾಷೆ ಬರಬೇಕೆಂಬ ನಿಯಮವಿದೆ. ಮಾರಾಟ, ಗ್ರಾಹಕ ಸೇವೆಯ ಕೆಲಸಗಳಲ್ಲೂ ಕನ್ನಡ, ಮರಾಠಿ, ಹಿಂದಿ ಬಲ್ಲವರು ಬೇಕಾಗುತ್ತಾರೆ. ಲಿಂಕ್ಡ್‌ಇನ್ ಇರಲಿ, ಕಾಗದದ ಅರ್ಜಿ ಇರಲಿ, ಇದನ್ನು ಮೊದಲೇ ಬರೆಯಿರಿ.

ವಿದೇಶದ ನೌಕರಿಯ ಆಸೆ ತೋರಿಸುವ ಸಂದೇಶಗಳ ಬಗ್ಗೆ ವಿಶೇಷ ಜಾಗ್ರತೆ ಬೇಕು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಜಾಲತಾಣದಲ್ಲಿ ನಂಬಿಸಿ ಯುವಕರನ್ನು ಮ್ಯಾನ್ಮಾರಿಗೆ ಸಾಗಿಸಲಾಗುತ್ತಿದೆ ಎಂದು ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. ಏಜೆಂಟನ ಹೆಸರು ಸರಕಾರದ ಇ-ಮೈಗ್ರೇಟ್ ತಾಣದ ನೋಂದಾಯಿತ ಪಟ್ಟಿಯಲ್ಲಿ ಇದೆಯೇ ಎಂದು ನೋಡದೆ ಪಾಸ್‌ಪೋರ್ಟ್ ಕೊಡಬೇಡಿ.

ನೆನಪಿಡಬೇಕಾದ ಮಾತುಗಳು

* ನೌಕರಿ ಕೊಡುತ್ತೇವೆಂದು ಮೊದಲೇ “ಡಿಪಾಜಿಟ್” ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.
* ಹಣ ಪಡೆಯಲು ಯುಪಿಐ ಪಿನ್ ಹಾಕಬೇಕಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತದೆ, ಬರುವುದಿಲ್ಲ.
* ಆಧಾರ್, ಪ್ಯಾನ್ ಕಾರ್ಡುಗಳ ಫೋಟೋವನ್ನು ಗ್ರೂಪಿಗೆ ಹಾಕಬೇಡಿ.
* ಮೋಸವಾದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ತಡವಾದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಡಂಗುರದವನು ಚಾವಡಿಯ ಅಪ್ಪಣೆಯಿಲ್ಲದೆ ಹಲಗೆ ಮುಟ್ಟುತ್ತಿರಲಿಲ್ಲ. ಈಗ ಹಲಗೆ ನಮ್ಮೆಲ್ಲರ ಕೈಗೂ ಬಂದಿದೆ. ಬಾರಿಸುವ ಮೊದಲು ಮಾತು ಯಾರದು, ಎಂದಿನದು ಎಂದು ನೋಡಿಕೊಂಡರೆ ವ್ಯಾಪಾರವೂ ಬೆಳೆಯುತ್ತದೆ, ಓಣಿಯ ಹುಡುಗನ ಒಂದು ದಿನವೂ ಉಳಿಯುತ್ತದೆ.