ಪೆಟ್ಟಿಗೆಯೊಳಗಿನ ಗಾಳಿ

ಸಿಗ್ನಲ್‌ನಲ್ಲಿ ಪಕ್ಕದ ಕಾರು ‘ಧಂ ಧಂ’ ಎಂದು ನಡುಗಿದರೆ ನಾವು ಅದರ ಸ್ಪೀಕರನ್ನು ಬೈಯುತ್ತೇವೆ. ಬಾಸ್ ಸಾಲದು ಎನಿಸಿದರೆ ಕಾರಿನವರು ಇನ್ನೂ ದೊಡ್ಡ ಆಂಪ್ಲಿಫೈಯರ್ ಕೊಳ್ಳುತ್ತಾರೆ. ಪೆಟ್ಟಿಗೆಯ ನೆನಪು ಯಾರಿಗೂ ಇರುವುದಿಲ್ಲ. ಒಳ್ಳೆಯ ಬಾಸಿನ ಇತಿಹಾಸ ಮಾತ್ರ ಬಹುಮಟ್ಟಿಗೆ ಆ ಪೆಟ್ಟಿಗೆಯದೇ.

ಸ್ಪೀಕರಿನ ಕೋನ್ ಮುಂದಿನ ಗಾಳಿಯನ್ನು ತಳ್ಳುವಾಗಲೇ ಹಿಂದಿನ ಗಾಳಿಯನ್ನು ಸೆಳೆಯುತ್ತದೆ. 40 ಹರ್ಟ್ಸ್ ನಾದದ ಒಂದು ಅಲೆಯ ಉದ್ದ ಸುಮಾರು 8.5 ಮೀಟರ್. ಅಷ್ಟು ಉದ್ದದ ಅಲೆ ಕೋನಿನ ಅಂಚನ್ನು ಸುಲಭವಾಗಿ ಸುತ್ತಿ ಬಂದು ಮುಂದಿನದನ್ನು ಅಳಿಸಿಬಿಡುತ್ತದೆ. ಇದನ್ನು ತಡೆಯಲು ಪೆಟ್ಟಿಗೆ ಬೇಕು.

1932ರಲ್ಲಿ ಬೆಲ್ ಲ್ಯಾಬ್ಸ್‌ನ ಆಲ್ಬರ್ಟ್ ಥುರಾಸ್ ಪೆಟ್ಟಿಗೆಗೆ ಕಿಂಡಿಯಿಟ್ಟು ಪೇಟೆಂಟ್ ಪಡೆದರು. ಬಾಟಲಿಯ ಬಾಯಿಗೆ ಊದಿದಾಗ ಹೊಮ್ಮುವ ನಾದದ ತತ್ವವೇ ಅದು: ಹಿಂದಿನ ಅಲೆಯನ್ನೇ ತಿದ್ದಿ ದುಡಿಸಿಕೊಳ್ಳುವುದು.

ಆದರೂ ಆಳವಾದ ಬಾಸ್ ಬೇಕೆಂದರೆ ಪೆಟ್ಟಿಗೆ ಬೀರುವಿನಷ್ಟು ಬೆಳೆಯುತ್ತಿತ್ತು. ನ್ಯೂಯಾರ್ಕ್‌ನಲ್ಲಿ ಪಾಠ ಹೇಳುತ್ತಿದ್ದ ಎಡ್ಗರ್ ವಿಲ್ಚರ್ ಸಮಸ್ಯೆಯನ್ನು ತಿರುಗಿಸಿ ನೋಡಿದರು. ಕೋನನ್ನು ಹಿಡಿದಿಡುವ ಬಟ್ಟೆ, ಕಾಗದದ ಸ್ಪ್ರಿಂಗ್ ಎಳೆತಕ್ಕೆ ತಕ್ಕಷ್ಟೇ ಬಲ ಕೊಡುವುದಿಲ್ಲ. ಅದರಿಂದ ನಾದ ಕೆಡುತ್ತದೆ. ಅದನ್ನು ಸಡಿಲಗೊಳಿಸಿ, ಬಿಗಿಯಾಗಿ ಮುಚ್ಚಿದ ಸಣ್ಣ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಂಡರೆ? 1954ರಲ್ಲಿ ತಮ್ಮ ಶಿಷ್ಯ ಹೆನ್ರಿ ಕ್ಲಾಸ್ ಜೊತೆ ಅಕೌಸ್ಟಿಕ್ ರಿಸರ್ಚ್ ಕಂಪನಿ ಕಟ್ಟಿ ಎಆರ್-1 ತಂದರು. ಶೆಲ್ಫಿನಲ್ಲಿ ಕೂರುವ ಪೆಟ್ಟಿಗೆಯಿಂದ ಆಳದ ಬಾಸ್ ಬಂತು.

ಬೆಲೆ ತೆರದೆ ಮಾತ್ರ ಬರಲಿಲ್ಲ. ಅದಕ್ಕೆ ಹೆಚ್ಚು ವಿದ್ಯುತ್ ಬೇಕಿತ್ತು. ಸಣ್ಣ ಪೆಟ್ಟಿಗೆ, ಆಳದ ಬಾಸ್, ಕಡಿಮೆ ವಿದ್ಯುತ್ತಿನಲ್ಲಿ ಜೋರು ದನಿ: ಮೂರರಲ್ಲಿ ಎರಡು ಮಾತ್ರ ಸಿಗುತ್ತವೆ. ಈ ಕಟ್ಟುಪಾಡು ಇಂದಿಗೂ ಸಡಿಲವಾಗಿಲ್ಲ.

ಅಲ್ಲಿಯವರೆಗೆ ಕಿಂಡಿಯ ಅಳತೆ ಬಹುಪಾಲು ಅಂದಾಜಿನದು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಮೊದಲಲ್ಲಿ ಅದನ್ನು ಲೆಕ್ಕಕ್ಕೆ ತಂದರು. ಇಂದು ಸಬ್‌ವೂಫರ್ ಜೊತೆ ಬರುವ ಚೀಟಿಯಲ್ಲಿರುವ ಥೀಲ್-ಸ್ಮಾಲ್ ಅಂಕಿಗಳು ಅವರ ಹೆಸರಿನವೇ.

ಇನ್ನು ಕಾರಿಗೆ ಬರೋಣ. ಮುಚ್ಚಿದ ಪೆಟ್ಟಿಗೆಯ ದನಿ ತನ್ನ ಅನುರಣನೆಯ ಕೆಳಗೆ ಸ್ಥಾಯಿಗೆ 12 ಡೆಸಿಬೆಲ್‌ನಂತೆ ಕುಗ್ಗುತ್ತದೆ. ಆದರೆ ಅಲೆ ಕಾರಿನ ಒಳಾಂಗಣಕ್ಕಿಂತ ತೀರ ಉದ್ದವಾದಾಗ ಕೋನ್ ಅಲ್ಲಿನ ಗಾಳಿಯನ್ನೇ ಪಂಪಿನಂತೆ ಒತ್ತುತ್ತದೆ. ಸಿದ್ಧಾಂತದ ಪ್ರಕಾರ ದನಿ ಅಷ್ಟೇ ಏರುತ್ತದೆ. ಕಿಟಕಿ, ಬಾಗಿಲಿನ ಸಂದುಗಳು ಒಂದಷ್ಟನ್ನು ಸೋರಿಸಿದರೂ, ಶೆಲ್ಫಿಗೆಂದು ಹುಟ್ಟಿದ ಉಪಾಯಕ್ಕೆ ಡಿಕ್ಕಿ ಇನ್ನೂ ಒಳ್ಳೆಯ ಮನೆಯಾಯಿತು.

ಆದ್ದರಿಂದ ದೊಡ್ಡ ಆಂಪ್ಲಿಫೈಯರ್ ಕೊಳ್ಳುವ ಮುನ್ನ ಪೆಟ್ಟಿಗೆಯನ್ನು ನೋಡಿ. ಒಳಗಿನ ಲೀಟರು ಚೀಟಿಯ ಅಂಕಿಗೆ ಹೊಂದುತ್ತದೆಯೇ? ಹಲಗೆ ಅದುರುತ್ತದೆಯೇ? ಕೀಲುಗಳಲ್ಲಿ ಗಾಳಿ ಸೋರುತ್ತದೆಯೇ? ವಿಲ್ಚರ್ ನೆಚ್ಚಿದ್ದು ಆ ಗಾಳಿಯನ್ನೇ. ಅದು ಸೋರಿಹೋದರೆ ಎಷ್ಟು ವಾಟ್ ಸುರಿದರೂ ಆ ಸ್ಪ್ರಿಂಗ್ ಮರಳಿ ಬರುವುದಿಲ್ಲ.