34 ಗಂಟೆ, ಒಂದು ವೀಲ್‌ಚೇರ್

ಫ್ರೆಂಡ್ಸ್, ನಮ್ಮಲ್ಲಿ ಕ್ಯಾಶುವಾಲ್ಟಿ ಅಂತೀವಲ್ಲ, ಅಲ್ಲಿ ಬಸ್ ಸ್ಟ್ಯಾಂಡ್ ಕ್ಯೂ ನಿಯಮ ನಡೆಯಲ್ಲ. ಯಾರು ಮೊದಲು ಬಂದರು ಅನ್ನೋದಕ್ಕಿಂತ ಯಾರ ಜೀವ ಹೆಚ್ಚು ಅಪಾಯದಲ್ಲಿದೆ ಅನ್ನೋದೇ ಮುಖ್ಯ. ಇದಕ್ಕೆ ಟ್ರಯಾಜ್ ಅಂತ ಹೆಸರು. ಫ್ರೆಂಚ್ ಪದ, ವಿಂಗಡಿಸೋದು ಅಂತ ಅರ್ಥ. 200 ವರ್ಷದ ಹಿಂದೆಯೇ ನೆಪೋಲಿಯನ್ ಸೈನ್ಯದ ಸರ್ಜನ್ ಡೊಮಿನಿಕ್ ಲಾರೆ, ಗಾಯದ ತೀವ್ರತೆ ನೋಡಿ ಚಿಕಿತ್ಸೆ ಕೊಡಬೇಕೇ ಹೊರತು ಸೈನಿಕನ ಪದವಿ ನೋಡಿ ಅಲ್ಲ ಅಂತ ನಿಯಮ ಮಾಡಿದ್ದ. ಎಷ್ಟು ನ್ಯಾಯವಾದ ನಿಯಮ ಅಲ್ವಾ?

ಆದ್ರೆ ವಿಂಗಡಿಸಬೇಕಾದ್ರೆ ಮೊದಲು ಆ ಮನುಷ್ಯನ ಹೆಸರು ಪಟ್ಟಿಗೆ ಬರಬೇಕು. ಇವತ್ತಿನ ಕಥೆ ಇರೋದು ಅಲ್ಲೇ.

ಕೆನಡಾದ ವಿನಿಪೆಗ್ ನಗರ. 2008ರ ಸೆಪ್ಟೆಂಬರ್ 19, ಶುಕ್ರವಾರ. ಬ್ರಯಾನ್ ಸಿಂಕ್ಲೇರ್ ಅನ್ನೋ 45 ವರ್ಷದ ಮೂಲನಿವಾಸಿ ವ್ಯಕ್ತಿ ಮಧ್ಯಾಹ್ನ 3 ಗಂಟೆಗೆ ಸ್ವಲ್ಪ ಮೊದಲು ಹೆಲ್ತ್ ಸೈನ್ಸಸ್ ಸೆಂಟರ್ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದರು. ಅಲ್ಲಿನ ಚಳಿಗೆ ಎರಡೂ ಕಾಲು ಕಳ್ಕೊಂಡಿದ್ರು, ವೀಲ್‌ಚೇರ್‌ನಲ್ಲಿದ್ರು. ಕ್ಲಿನಿಕ್ ಡಾಕ್ಟರ್ ಬರೆದುಕೊಟ್ಟ ಪತ್ರವೂ ಜೊತೆಗಿತ್ತು. ತೊಂದರೆ ಏನಪ್ಪಾ ಅಂದ್ರೆ ಮೂತ್ರದ ಕ್ಯಾಥೆಟರ್ ಕಟ್ಟಿಕೊಂಡು ಸೋಂಕಾಗಿತ್ತು. ಕ್ಯಾಥೆಟರ್ ಬದಲಾಯಿಸಿ ಆಂಟಿಬಯಾಟಿಕ್ ಕೊಟ್ಟಿದ್ದರೆ ಸಾಕಿತ್ತು.

ಟ್ರಯಾಜ್ ಟೇಬಲ್ ಹತ್ರ ಹೋಗಿ ಸಹಾಯಕನ ಜೊತೆ ಮಾತಾಡಿದ್ರು. ಆತ ಏನೋ ಬರೆದುಕೊಂಡ. ಇವರು ಕಾಯೋ ಜಾಗಕ್ಕೆ ಹೋಗಿ ಕೂತರು. ಅವರ ಹೆಸರು ವ್ಯವಸ್ಥೆಯೊಳಗೆ ಹೋಗಲೇ ಇಲ್ಲ.

ಸಂಜೆ ಆಯ್ತು, ರಾತ್ರಿ ಆಯ್ತು, ಶನಿವಾರ ಪೂರ್ತಿ ಕಳೀತು. ವಾಂತಿ ಮಾಡಿಕೊಂಡಾಗ ಕ್ಲೀನಿಂಗ್ ಸಿಬ್ಬಂದಿ ಒಬ್ಬರು ಒಂದು ಪಾತ್ರೆ ಕೊಟ್ಟರು. ಅಲ್ಲಿದ್ದ ಬೇರೆ ಜನ ಆಸ್ಪತ್ರೆಯವರಿಗೆ ಹೇಳಿಯೂ ನೋಡಿದ್ರು. ಭಾನುವಾರ ಬೆಳಗಿನ ಜಾವಕ್ಕೂ ಮುಂಚೆ, 34 ಗಂಟೆ ಆದ ಮೇಲೆ, ಅವರು ಸತ್ತಿದ್ದಾರೆ ಅಂತ ಗೊತ್ತಾಯ್ತು. ಅಷ್ಟೊತ್ತಿಗೆ ದೇಹ ಸೆಟೆದುಕೊಂಡಿತ್ತು. ಅಂದ್ರೆ ಸತ್ತು ಕೆಲವು ಗಂಟೆಗಳೇ ಆಗಿದ್ದವು.

ಯಾಕೆ ಯಾರೂ ಮಾತಾಡಿಸಲಿಲ್ಲ? ವಿಚಾರಣೆಯಲ್ಲಿ ಸಿಬ್ಬಂದಿ ಹೇಳಿದ್ದು ಕೇಳಿ. ಕುಡಿದು ಮಲಗಿದ್ದಾನೆ ಅಂದುಕೊಂಡ್ವಿ ಅಂದ್ರು ಕೆಲವರು. ಮನೆ ಇಲ್ಲದವನು, ಬೆಚ್ಚಗಿರಲಿ ಅಂತ ಬಂದಿದ್ದಾನೆ ಅಂದುಕೊಂಡವರೂ ಇದ್ರು. ಮೂಲನಿವಾಸಿ ಗಂಡಸು ಅಂದ್ರೆ ಕುಡುಕ ಅನ್ನೋ ನಂಬಿಕೆ ಆ ನಾಡಲ್ಲಿ ಎಷ್ಟು ಹಳೆಯದು ಅಂದ್ರೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ನಮ್ಮ ಬಿಕಾಂ ಮಂದಿಗೆ ಇದು ಬೇಗ ಅರ್ಥ ಆಗುತ್ತೆ. ಎರರ್ ಆಫ್ ಒಮಿಷನ್ ನೆನಪಿದೆಯಾ? ಒಂದು ವ್ಯವಹಾರವನ್ನ ಬರೆಯದೇ ಬಿಟ್ಟರೂ ಟ್ರಯಲ್ ಬ್ಯಾಲೆನ್ಸ್ ಸರಿಯಾಗಿಯೇ ಟ್ಯಾಲಿ ಆಗುತ್ತೆ. ಬ್ರಯಾನ್ ವಿಷಯದಲ್ಲೂ ಹಾಗೇ. ದಾಖಲೆ ಪ್ರಕಾರ ಅಲ್ಲಿ ಯಾರೂ ಕಾಯ್ತಾನೇ ಇರಲಿಲ್ಲ! ಅವರು ಟೇಬಲ್ ಹತ್ರ ಹೋಗಿದ್ದನ್ನ ತೋರಿಸಿಕೊಟ್ಟಿದ್ದು ಕ್ಯಾಮೆರಾ.

2014ರ ಕೊನೆಗೆ ನ್ಯಾಯಾಧೀಶರ ವರದಿ ಬಂತು, 63 ಶಿಫಾರಸುಗಳ ಜೊತೆ. ಸಾವು ತಪ್ಪಿಸಬಹುದಿತ್ತು ಅಂತ ಒಪ್ಪಿದ್ರು. ಆದ್ರೆ ಜನಾಂಗೀಯ ತಾರತಮ್ಯದ ಪ್ರಶ್ನೆಯನ್ನ ಆಳವಾಗಿ ಕೆದಕಲಿಲ್ಲ. ಕುಟುಂಬ ಕೇಳಿದ್ದು ಅದನ್ನೇ. ಆಗಲ್ಲ ಅಂತ ಗೊತ್ತಾದಾಗ ವಿಚಾರಣೆಯ ಮಧ್ಯದಲ್ಲೇ ಹೊರನಡೆದರು. ನನ್ನ ಪ್ರಕಾರ ಅವರು ಮಾಡಿದ್ದು ಸರಿ. ಕ್ಯೂ ಹೇಗೆ ನಡೆಸಬೇಕು ಅಂತ ಎಷ್ಟು ಶಿಫಾರಸು ಬರೆದರೂ, ಕ್ಯೂನಲ್ಲಿ ಇರೋನನ್ನ ರೋಗಿ ಅಂತಲೇ ನೋಡದಿದ್ರೆ ಏನು ಉಪಯೋಗ ಹೇಳಿ?

ವಿನಿಪೆಗ್ ಇರೋದು ಮ್ಯಾನಿಟೋಬಾ ಪ್ರಾಂತ್ಯದಲ್ಲಿ. 2023ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ರೋಗಿಯ ಜನಾಂಗವನ್ನ ಕೇಳಿ ಬರೆದುಕೊಳ್ತಾರೆ. ಇಷ್ಟವಿದ್ದರೆ ಹೇಳಬಹುದು. ಲೆಕ್ಕ ಬರೆದ ಮೇಲೆ ಕಂಡಿದ್ದು, ಮೂಲನಿವಾಸಿಗಳೂ ಕಪ್ಪು ಜನಾಂಗದವರೂ ತುರ್ತು ವಿಭಾಗದಲ್ಲಿ ಬಿಳಿಯರಿಗಿಂತ ಹೆಚ್ಚು ಹೊತ್ತು ಕಾಯ್ತಾರೆ ಅನ್ನೋದು. ಈಗ ಅದು ಪುಸ್ತಕದಲ್ಲಿದೆ.

ಮುಂದಿನ ಭಾಗಕ್ಕೆ ಅಮೆರಿಕದ ಪಿಟ್ಸ್‌ಬರ್ಗ್‌ಗೆ ಹೋಗೋಣ. 1967ರಲ್ಲಿ ಅಲ್ಲಿ ಶುರುವಾದ, ಕಪ್ಪು ಜನಾಂಗದ ಯುವಕರು ಕೆಲಸ ಮಾಡಿದ ಆಂಬುಲೆನ್ಸ್ ಸೇವೆ, ಫ್ರೀಡಂ ಹೌಸ್.